ಹಗರಿಯ ಮರಳಿನಲ್ಲಿ ಗಾಲ್ಫ್

ಕಳೆದ ತಿಂಗಳು ನಮ್ಮ ಶಾಲೆಯ ಐದನೆಯ ತರಗತಿಯಲ್ಲಿ ಆಟಗಳ ಹೆಸರುಗಳನ್ನು ಬರೆಸುತ್ತಿದ್ದೆವು. ಕಬಡ್ಡಿ, ಖೋ ಖೋ, ಲಗೋರಿ, ಕ್ರಿಕೆಟ್ ಎಂದು ಮಕ್ಕಳು ಒಂದೊಂದಾಗಿ ಹೇಳುತ್ತ ಹೋದಂತೆ ಕಪ್ಪುಹಲಗೆ ತುಂಬುತ್ತ ಬಂದಿತು. ಕೊನೆಯಲ್ಲಿ ಉಳಿದ ಜಾಗದಲ್ಲಿ ನಾವೇ ‘ಗಾಲ್ಫ್’ ಎಂದು ಬರೆದೆವು. 2021ರಲ್ಲಿ ಟೋಕಿಯೊದಲ್ಲಿ ನಡೆದ ಒಲಿಂಪಿಕ್ ಕ್ರೀಡೆಗಳಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಎಂಬ ಹೆಣ್ಣುಮಗಳು ಈ ಆಟದಲ್ಲಿ ನಾಲ್ಕನೆಯ ಸ್ಥಾನ ಪಡೆದಳೆಂದೂ, ಆಕೆಯ ಕೋಲುಗಳ ಚೀಲವನ್ನು ಹೊತ್ತು ಬಿಸಿಲಿನಲ್ಲಿ ಜೊತೆಗೆ ನಡೆದವರು ಬೇರಾರೂ ಅಲ್ಲ, ಆಕೆಯ ತಾಯಿಯೇ ಎಂದೂ ತಿಳಿಸಿದೆವು. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು.

“ಸಾರ್, ಅದು ಸಾಹುಕಾರ್ರ ಆಟ ಅಲ್ಲೇನ್ರೀ? ನಮ್ಮಂಥೋರು ಆಡ್ತಾರೇನು?”

“ನಾವೇ ಆಡಿದ್ದೀವಲ್ಲಮ್ಮ, ಇದೇ ಹಗರಿ ಮರಳಲ್ಲಿ” ಎಂದೆವು. ಇಡೀ ತರಗತಿ ಗೊಳ್ಳೆಂದು ನಕ್ಕಿತು. ಮಕ್ಕಳು ನಕ್ಕದ್ದರಲ್ಲಿ ತಪ್ಪೇನೂ ಇಲ್ಲ. ತಲೆಯಲ್ಲಿ ಅರ್ಧ ಕೂದಲು ಉದುರಿದ, ಕನ್ನಡಕ ಮರೆತು ದಿನಕ್ಕೆರಡು ಸಲ ಹುಡುಕುವ ಮುಖ್ಯೋಪಾಧ್ಯಾಯನೊಬ್ಬ ಗಾಲ್ಫ್ ಆಡಿದ್ದೇನೆಂದರೆ ಯಾರಿಗಾದರೂ ನಗು ಬರುತ್ತದೆ. ಓದುಗ ಬಂಧುಗಳೂ ನಗುವುದಾದರೆ ನಕ್ಕುಬಿಡಲಿ. ಅನಂತರ ಈ ಕಥೆಯನ್ನು ಕೇಳಲಿ.

ನಾವು ಏಳನೆಯ ತರಗತಿಯ ಪರೀಕ್ಷೆ ಬರೆದ ವರ್ಷ 1982. ಆ ಬೇಸಿಗೆಯಲ್ಲಿ ನಮ್ಮ ಸೋದರಮಾವ ನಮ್ಮನ್ನು ಕೋಲಾರದ ಚಿನ್ನದ ಗಣಿಗೆ ಕರೆದುಕೊಂಡು ಹೋದರು. ಅವರು ಅಲ್ಲಿ ಭೂಮಿಯೊಳಗಿನ ಕೆಲಸದಲ್ಲಿದ್ದರು. ಬೊಮ್ಮನಹಾಳಿನಿಂದ ಹೊರಟು, ಬಸ್ಸು ಬದಲಿಸುತ್ತ ಬೆಂಗಳೂರು ಸೇರಿ, ಅಲ್ಲಿಂದ ಬಂಗಾರಪೇಟೆಗೆ ಹೋಗಿ, ಮಾರಿಕುಪ್ಪಂ ರೈಲು ಹತ್ತಿದೆವು. ಕೋರಮಂಡಲ್, ಊರ್ಗಾಂ, ಚಾಂಪಿಯನ್ ಎಂದು ನಿಲ್ದಾಣಗಳ ಹೆಸರು ಓದುವಾಗಲೇ ಬೇರೊಂದು ದೇಶಕ್ಕೆ ಬಂದಂತಾಗಿತ್ತು. ಮಾವನದು ಗಣಿಯವರು ಕಟ್ಟಿದ ಲೈನುಮನೆ. ಪಾಳಿಗೊಮ್ಮೆ ಸಂಗು ಕೂಗುತ್ತಿತ್ತು. ಕೆಲವೊಂದು ರಾತ್ರಿ ನೆಲದಾಳದಲ್ಲಿ ಬಂಡೆ ಸಿಡಿದರೆ ಮೇಲೆ ಅಡುಗೆಮನೆಯ ತಟ್ಟೆಗಳು ಗಲಗಲ ಎನ್ನುತ್ತಿದ್ದವು. ಅತ್ತೆ ಎದ್ದು ಕುಳಿತು, ಮಾವ ಬರುವವರೆಗೆ ಮಲಗುತ್ತಿರಲಿಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳದ್ದು. ಆ ಆಳದಲ್ಲಿ ಮಾವ ಬೆವರು ಸುರಿಸುತ್ತಿದ್ದ ಹೊತ್ತಿನಲ್ಲೇ ಮೇಲೆ ಬಯಲಿನಲ್ಲಿ ಕೆಲವರು ಒಂದು ಪುಟ್ಟ ಬಿಳಿಯ ಚೆಂಡಿನ ಹಿಂದೆ ನಡೆದಾಡುತ್ತಿದ್ದರು. ಅದೇ ಗಾಲ್ಫ್ ಎಂದು ನಮಗೆ ಮೊದಲು ತಿಳಿದದ್ದು ಹಾಗೆ.

1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯ ಆಂಗ್ಲರು ಅಲ್ಲಿ ಗಣಿ ನಡೆಸತೊಡಗಿದಾಗ ತಮ್ಮ ಕ್ಲಬ್ಬನ್ನೂ ಆಟಗಳನ್ನೂ ಜೊತೆಗೆ ತಂದಿದ್ದರು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ ಬಂದವು. ಆಂಗ್ಲರು ಹೋದರು, ಆಟ ಉಳಿಯಿತು. ನಾವು ಕಂಡಾಗ ಆಡುತ್ತಿದ್ದವರೆಲ್ಲ ನಮ್ಮವರೇ ಆದ ಅಧಿಕಾರಿಗಳು. ಚೀಲ ಹೊರುವ, ಚೆಂಡು ಹುಡುಕುವ ಕ್ಯಾಡಿಗಳೆಲ್ಲ ಲೈನುಮನೆಗಳ ಹುಡುಗರು, ಮುದುಕರು. ಪಕ್ಕದ ಮನೆಯ ತಾತನೊಬ್ಬರು ಅವರಲ್ಲಿ ಹಿರಿಯರು. ನಾವು ಸುಮ್ಮನೆ ಅಲೆಯುವುದನ್ನು ನೋಡಲಾರದೆ ಮಾವ ನಮ್ಮನ್ನು ಅವರ ಕೈಗೆ ಒಪ್ಪಿಸಿದರು.

ಗಾಲ್ಫ್ ಮೈದಾನವೆಂದರೆ ಓದುಗರ ಕಣ್ಣಮುಂದೆ ಚಿತ್ರಗಳಲ್ಲಿ ಕಾಣುವ ಹಸಿರು ಗಾದಿ ಬರಬಹುದು. ನಾವು ಕಂಡದ್ದು ಅದಲ್ಲ. ಒಣಹುಲ್ಲು, ಕೆಂಪುನೆಲ, ಅಲ್ಲಲ್ಲಿ ಪೊದೆ, ದೂರದಲ್ಲಿ ಗಣಿಯ ಮಣ್ಣಿನ ಬೂದಿಬಣ್ಣದ ಸಯನೈಡ್ ದಿಬ್ಬಗಳು. ಚೆಂಡನ್ನು ಕೊನೆಗೆ ಉರುಳಿಸುವ ಗುಳಿಯ ಸುತ್ತಲಿನ ಜಾಗಕ್ಕೆ ಶ್ರೀಮಂತ ಮೈದಾನಗಳಲ್ಲಿ ‘ಗ್ರೀನ್’ ಎಂದು ಹೆಸರು. ಅಲ್ಲಿ ಹುಲ್ಲನ್ನು ರತ್ನಗಂಬಳಿಯಂತೆ ಕತ್ತರಿಸಿರುತ್ತಾರೆ. ನೀರಿಗೆ ಬರವಿದ್ದ ನಮ್ಮ ನಾಡಿನ ಸಣ್ಣ ಮೈದಾನಗಳಲ್ಲಿ ಮರಳಿಗೆ ಎಣ್ಣೆ ಬೆರೆಸಿ, ಗಟ್ಟಿಸಿ, ಸಮಮಾಡಿ ಆ ಕೆಲಸ ಸಾಧಿಸುತ್ತಿದ್ದರು. ಅದರ ಬಣ್ಣ ಕಂದು. ಆದ್ದರಿಂದ ಅದಕ್ಕೆ ‘ಬ್ರೌನ್’ ಎಂದೇ ಹೆಸರು. ಒಬ್ಬರ ಹೆಜ್ಜೆಗುರುತು ಮತ್ತೊಬ್ಬರ ಚೆಂಡಿಗೆ ಅಡ್ಡಬರದಂತೆ ಆ ಮರಳನ್ನು ಎಳೆದು ಸರಿಮಾಡುವುದು ನಮಗೆ ಸಿಕ್ಕ ಮೊದಲ ಕೆಲಸ. ತಾನು ತುಳಿದ ದಾರಿಯನ್ನು ಹಿಂದೆ ಬರುವವರಿಗಾಗಿ ಸಮಮಾಡಿ ಹೋಗುವ ಈ ಪದ್ಧತಿ ನಮಗೆ ಅಂದೇ ಮೆಚ್ಚಿಗೆಯಾಯಿತು.

ಸಾಹೇಬರು ಮನೆಗೆ ಹೋದ ಮೇಲೆ, ಕತ್ತಲಾಗುವವರೆಗಿನ ಅರ್ಧ ಗಂಟೆ ತಾತ ನಮಗೆ ಪಾಠ ಹೇಳುತ್ತಿದ್ದರು. ಹಿಡಿ ಸವೆದ ಒಂದು ಹಳೆಯ ಕಬ್ಬಿಣದ ಕೋಲು, ಸೀಳುಬಿಟ್ಟ ಎರಡು ಚೆಂಡು. ಇವೇ ನಮ್ಮ ಪಠ್ಯಪುಸ್ತಕಗಳು. ಮೊದಲ ವಾರ ನಾವು ಬೀಸಿದ ಕೋಲು ಚೆಂಡಿಗೆ ತಗುಲಿದ್ದಕ್ಕಿಂತ ನೆಲಕ್ಕೆ ತಗುಲಿದ್ದೇ ಹೆಚ್ಚು. ತಾತ ತಮಿಳು ಬೆರೆತ ಕನ್ನಡದಲ್ಲಿ, “ತಂಬಿ, ಎಲ್ಲಿಗೆ ಹೋಯ್ತು ಅಂತ ನೋಡಕ್ಕೆ ತಲೆ ಎತ್ತಿದೋನ ಚೆಂಡು ಎಲ್ಲಿಗೂ ಹೋಗಲ್ಲ” ಎನ್ನುತ್ತಿದ್ದರು. ಇನ್ನೊಂದು ಪಾಠ ಇದಕ್ಕಿಂತ ವಿಚಿತ್ರ. ಚೆಂಡು ಮೇಲೇರಬೇಕಾದರೆ ಕೋಲನ್ನು ಮೇಲಕ್ಕೆ ಎತ್ತಿ ಹೊಡೆಯಬಾರದು, ಕೆಳಮುಖವಾಗಿಯೇ ಹೊಡೆಯಬೇಕು. ಕೋಲಿನ ಮುಖದ ಓರೆಯೇ ಚೆಂಡನ್ನು ಎತ್ತುತ್ತದೆ. ನಾವು ಎತ್ತಲು ಹೋದಷ್ಟೂ ಅದು ನೆಲ ಹಿಡಿದು ಓಡುತ್ತಿತ್ತು.

ಚೆಂಡಿನ ಮೈಮೇಲೆ ಸಿಡುಬಿನ ಕಲೆಗಳಂತೆ ತುಂಬಿರುವ ಕುಳಿಗಳ ಕಥೆಯನ್ನು ನಾವು ಉಪಾಧ್ಯಾಯರಾದ ಮೇಲೆ ಪುಸ್ತಕದಲ್ಲಿ ಓದಿ ತಿಳಿದೆವು. ಹಿಂದೆ ಚರ್ಮದ ಚೀಲಕ್ಕೆ ಹಕ್ಕಿಯ ಗರಿ ತುಂಬಿ ಚೆಂಡು ಮಾಡುತ್ತಿದ್ದರಂತೆ. 1848ರ ಸುಮಾರಿಗೆ ಗಟ್ಟಾಪರ್ಚಾ ಎಂಬ ಮರದ ಹಾಲಿನಿಂದ ನುಣುಪಾದ ಅಗ್ಗದ ಚೆಂಡು ಬಂದಿತು. ಆಡುವವರು ಒಂದು ವಿಶೇಷ ಗಮನಿಸಿದರು: ಹೊಸ ನುಣುಪು ಚೆಂಡಿಗಿಂತ ಏಟು ತಿಂದು ಗೀರುಬಿದ್ದ ಹಳೆಯ ಚೆಂಡೇ ಚೆನ್ನಾಗಿ ಹಾರುತ್ತಿತ್ತು. ಅಂದಿನಿಂದ ಬೇಕೆಂದೇ ಚೆಂಡಿನ ಮೈಯನ್ನು ಒರಟುಮಾಡುವ ರೂಢಿ ಬಂದು, ಇಂದಿನ ಕುಳಿಗಳಲ್ಲಿ ನಿಂತಿದೆ. ಈಗಿನ ಚೆಂಡಿನ ಮೇಲೆ ಸಾಮಾನ್ಯವಾಗಿ 300ರಿಂದ 500 ಕುಳಿಗಳಿರುತ್ತವೆ. ಅವು ಸುತ್ತಲಿನ ಗಾಳಿಯನ್ನು ಚೆಂಡಿನ ಮೈಗೆ ಅಂಟಿಸಿಕೊಂಡು ಹಿಂದಿನಿಂದ ಎಳೆಯುವ ತಡೆಯನ್ನು ಕಡಿಮೆ ಮಾಡುತ್ತವೆ. ಒಮ್ಮೆ ನಪಾಸಾದ ಹುಡುಗರಿಗೆ ನಾವು ಈ ಕಥೆಯನ್ನು ತಪ್ಪದೆ ಹೇಳುತ್ತೇವೆ.

ಈಗ ನಮ್ಮ ತಪ್ಪಿನ ಕಥೆ. ಒಂದು ಭಾನುವಾರ ಸಣ್ಣದೊಂದು ಪಂದ್ಯವಿತ್ತು. ನಾವು ಚೀಲ ಹೊತ್ತದ್ದು ಮಿತಭಾಷಿಯಾದ ಒಬ್ಬ ಇಂಜಿನಿಯರರಿಗೆ. ಅವರು ಚೆನ್ನಾಗಿ ಆಡುತ್ತಿದ್ದರು. ಕೊನೆಯ ಭಾಗದಲ್ಲಿ ಅವರ ಚೆಂಡು ಓರೆಯಾಗಿ ಹೋಗಿ ಲಂಟಾನ ಪೊದೆಯ ಬುಡದಲ್ಲಿ ಬಿದ್ದಿತು. ಹುಡುಕಲು ಮುಂದೆ ಓಡಿದವರು ನಾವು. ಚೆಂಡು ಬೇರಿಗೆ ಒತ್ತಿಕೊಂಡು ಕುಳಿತಿತ್ತು. ಕೋಲು ಬೀಸಲು ಗೇಣು ಜಾಗವಿರಲಿಲ್ಲ. ಸುತ್ತ ನೋಡಿದೆವು, ಯಾರೂ ಇರಲಿಲ್ಲ. ಕಾಲ ಹೆಬ್ಬೆರಳಿನಿಂದ ಚೆಂಡನ್ನು ಮೆಲ್ಲಗೆ ತಳ್ಳಿದೆವು. ಅದು ಒಂದು ಮಾರು ಉರುಳಿ ಬಯಲಿಗೆ ಬಂದು ನಿಂತಿತು. “ಸಿಕ್ತು ಸಾರ್!” ಎಂದು ಕೂಗಿದೆವು. ಇಂಜಿನಿಯರರು ಬಂದು ನೋಡಿ, ತಮ್ಮ ಅದೃಷ್ಟಕ್ಕೆ ತಾವೇ ಬೆರಗಾಗಿ, ಸೊಗಸಾಗಿ ಹೊಡೆದರು. ಪಂದ್ಯ ಮುಗಿದಾಗ ಅವರು ಒಂದು ಹೊಡೆತದಿಂದ ಮುಂದಿದ್ದರು. ನಮಗೆ ಒಳ್ಳೆಯ ಇನಾಮು ಸಿಗುವುದೆಂದು ಮನಸ್ಸು ಕುಣಿಯುತ್ತಿತ್ತು.

ಅಷ್ಟರಲ್ಲಿ ತಾತ ನಮ್ಮ ಭುಜ ಹಿಡಿದು ಪಕ್ಕಕ್ಕೆ ಕರೆದರು. ಅವರು ಮತ್ತೊಂದು ತಂಡದೊಡನೆ ದಿಬ್ಬದ ಮೇಲೆ ನಡೆಯುತ್ತಿದ್ದುದು ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. “ಕಾರ್ಡಿಗೆ ಸೈನ್ ಹಾಕೋಕ್ ಮುಂಚೆ ಹೋಗಿ ಹೇಳು” ಎಂದರು. ಅದಕ್ಕಿಂತ ಹೆಚ್ಚು ಒಂದು ಮಾತನ್ನೂ ಆಡಲಿಲ್ಲ. ಬೈದಿದ್ದರೆ ಅತ್ತು ತಪ್ಪಿಸಿಕೊಳ್ಳಬಹುದಿತ್ತು. ಹೋಗಿ ಹೇಳಿದೆವು. ಇಂಜಿನಿಯರರು ನಮ್ಮ ಮುಖವನ್ನೊಮ್ಮೆ ನೋಡಿದರು. ಜೇಬಿನಿಂದ ಪೆನ್ಸಿಲ್ ತೆಗೆದು ತಮ್ಮ ಕಾರ್ಡಿನಲ್ಲಿ ಎರಡು ಹೊಡೆತಗಳ ದಂಡವನ್ನು ಕೂಡಿಸಿ ಬರೆದರು. ಒಂದು ಹೊಡೆತದಿಂದ ಮುಂದಿದ್ದವರು ಒಂದು ಹೊಡೆತದಿಂದ ಹಿಂದಾದರು. ಬಟ್ಟಲು ಇನ್ನೊಬ್ಬರ ಪಾಲಾಯಿತು. ನಮಗೆ ಬರಬೇಕಾಗಿದ್ದ ಎರಡು ರೂಪಾಯಿಯನ್ನು ಎಂದಿನಂತೆ ಎಣಿಸಿ ಕೊಟ್ಟರು. ಮುಂದಿನ ಭಾನುವಾರ ಮತ್ತೆ ನಮ್ಮನ್ನೇ ಚೀಲ ಹೊರಲು ಕರೆದರು.

“ತಪ್ಪು ನಮ್ಮದು, ದಂಡ ಅವರಿಗೇಕೆ?” ಎಂದು ಆ ರಾತ್ರಿ ತಾತನನ್ನು ಕೇಳಿದೆವು. “ಅದೇ ರೂಲ್ಸು. ಕ್ಯಾಡಿ ಮಾಡಿದ ತಪ್ಪು ಆಡೋರ ಲೆಕ್ಕಕ್ಕೆ” ಎಂದರು. ಆ ನಿಯಮದ ಪೂರ್ಣಾರ್ಥ ನಮಗೆ ತಿಳಿಯಲು ಬಹಳ ವರ್ಷ ಬೇಕಾಯಿತು.

ಉಳಿದ ಬಹುತೇಕ ಆಟಗಳಲ್ಲಿ ತಪ್ಪು ಹಿಡಿಯಲು ಬೇರೊಬ್ಬರಿರುತ್ತಾರೆ. ಚಿನ್ನಿದಾಂಡಿನಲ್ಲಿ ನಾವು ದಾಂಡಿನಿಂದ ಅಳೆದು ಲೆಕ್ಕ ಕೂಗುವಾಗ ಎದುರು ಪಕ್ಷದವರು ಹದ್ದಿನ ಕಣ್ಣಿಟ್ಟು ಜೊತೆಯಲ್ಲೇ ನಡೆಯುತ್ತಾರೆ. ಗಾಲ್ಫಿನಲ್ಲಿ ಆಟಗಾರ ಅನೇಕ ವೇಳೆ ಪೊದೆಯ ಮರೆಯಲ್ಲಿ ಒಬ್ಬನೇ ಇರುತ್ತಾನೆ. ಹೊಡೆದವನೂ ಅವನೇ, ತನ್ನ ತಪ್ಪನ್ನು ಹೇಳಿಕೊಳ್ಳಬೇಕಾದವನೂ ಅವನೇ. 1925ರ ಅಮೆರಿಕದ ಓಪನ್ ಪಂದ್ಯದಲ್ಲಿ ಬಾಬಿ ಜೋನ್ಸ್ ಎಂಬ ಹೆಸರಾಂತ ಆಟಗಾರ ಹುಲ್ಲಿನಲ್ಲಿ ಹೊಡೆಯಲು ಸಿದ್ಧನಾಗುತ್ತಿದ್ದಾಗ ಚೆಂಡು ಕೂದಲೆಳೆಯಷ್ಟು ಅಲುಗಿತು. ಬೇರಾರೂ ನೋಡಿರಲಿಲ್ಲ. ಆತ ತಾನಾಗಿಯೇ ಒಂದು ಹೊಡೆತದ ದಂಡ ಹಾಕಿಕೊಂಡ. ಪಂದ್ಯ ಸಮಸಮವಾಗಿ ಮುಗಿದು, ಮರುಪಂದ್ಯದಲ್ಲಿ ಆತ ಸೋತ. ಆ ಒಂದು ಹೊಡೆತವನ್ನು ನುಂಗಿದ್ದರೆ ಗೆಲುವು ಅವನದೇ ಆಗುತ್ತಿತ್ತು. 1968ರಲ್ಲಿ ಮಾಸ್ಟರ್ಸ್ ಪಂದ್ಯದಲ್ಲಿ ಅರ್ಜೆಂಟೀನಾದ ರೊಬರ್ಟೊ ಡಿ ವಿಸೆಂಜೊ ಹದಿನೇಳನೆಯ ಗುಳಿಯನ್ನು 3 ಹೊಡೆತಗಳಲ್ಲಿ ಮುಗಿಸಿದ್ದರೂ, ಜೊತೆಗಾರ ಕಣ್ತಪ್ಪಿನಿಂದ 4 ಎಂದು ಬರೆದಿದ್ದ ಕಾರ್ಡಿಗೆ ನೋಡದೆ ಸಹಿ ಹಾಕಿದ. ಸಹಿ ಬಿದ್ದ ಅಂಕಿಯೇ ನಿಂತಿತು. ಒಂದು ಹೊಡೆತದಿಂದ ಸೋತ. ಮೊದಲನೆಯವನು ಸತ್ಯ ಹೇಳಿ ಸೋತ, ಎರಡನೆಯವನು ಲೆಕ್ಕ ನೋಡದೆ ಸೋತ. ಈ ಎರಡು ಕಥೆಗಳನ್ನು ಹಾಜರಿ ಪುಸ್ತಕಕ್ಕೆ ದಿನವೂ ಸಹಿ ಹಾಕುವ ನಮ್ಮಂಥವರು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು.

ಜೂನ್ ತಿಂಗಳಲ್ಲಿ ಊರಿಗೆ ಮರಳುವಾಗ ತಾತ ನಮಗೊಂದು ಚೆಂಡು ಕೊಟ್ಟರು. ಸೀಳಿಲ್ಲದ ಒಳ್ಳೆಯ ಚೆಂಡು. ಊರು ಸೇರಿದ ಮರುದಿನವೇ ಅದನ್ನು ಲಂಗೋಟಿ ಗೆಳೆಯರಿಗೆ ತೋರಿಸಿ, ಇದ್ದದ್ದಕ್ಕೆ ಇಲ್ಲದ್ದನ್ನೂ ಸೇರಿಸಿ ವರ್ಣಿಸಿದೆವು. ಆಡುವುದೆಲ್ಲಿ ಎಂಬ ಪ್ರಶ್ನೆ ಬಂತು. ಉತ್ತರ ಕಣ್ಣಮುಂದೆಯೇ ಇತ್ತು.

ನಮ್ಮ ಸೀಮೆಯನ್ನು ಬಲ್ಲವರಿಗೆ ಹಗರಿಯ ಮರಳನ್ನು ವರ್ಣಿಸಬೇಕಾಗಿಲ್ಲ. ವೇದಾವತಿ ಎಂದು ಪುಸ್ತಕದಲ್ಲಿ ಹೆಸರಿರುವ ಈ ಹೊಳೆ ವರ್ಷದ ಬಹುಪಾಲು ಬತ್ತಿರುತ್ತದೆ. ಆಷಾಢದ ಗಾಳಿ ಎದ್ದಿತೆಂದರೆ ಒಣಗಿದ ಪಾತ್ರದ ಮರಳು ಮೇಲೆದ್ದು ದಡದ ಹೊಲಗಳಿಗೆ ನುಗ್ಗುತ್ತದೆ. ದರ್ಗಾ ಹೊನ್ನೂರು, ಗೋವಿಂದವಾಡಗಳ ಕಡೆ ಹೀಗೆ ಬಂದು ನಿಂತ ಮರಳಿನ ದಿಬ್ಬಗಳನ್ನು ಕಂಡವರು ರಾಜಸ್ಥಾನಕ್ಕೆ ಬಂದೆವೇ ಎಂದು ಬೆರಗಾಗುತ್ತಾರೆ. ಒಂದೆಡೆ ತುಂಗಭದ್ರೆಯ ಮೇಲ್ಮಟ್ಟದ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ನೆಲ, ಮತ್ತೊಂದೆಡೆ ಮರಳು ನುಂಗಿದ ಹೊಲ, ಎರಡೂ ನಮ್ಮದೇ. ಹೊಲ ಕಳೆದುಕೊಂಡ ರೈತನಿಗೆ ಆ ದಿಬ್ಬ ಶಾಪ. ಹುಡುಗರಾದ ನಮಗೆ ಅದು ಯಾರೂ ‘ಹೊರಗೆ ಹೋಗಿ’ ಎನ್ನದ ಏಕೈಕ ಮೈದಾನ.

ಸ್ವಾರಸ್ಯವೆಂದರೆ, ಈ ಆಟ ಹುಟ್ಟಿದ್ದೂ ಇಂಥ ನೆಲದಲ್ಲಿಯೇ. ಸ್ಕಾಟ್‌ಲೆಂಡಿನ ಕಡಲಂಚಿನಲ್ಲಿ ನೇಗಿಲಿಗೆ ಬಾರದ ಮರಳು ದಿಬ್ಬಗಳಿವೆ. ಬಿತ್ತಿದರೆ ಬೆಳೆಯದ ಆ ನೆಲದಲ್ಲಿ ಕುರಿಗಳು ಮೇಯುತ್ತಿದ್ದವು, ಊರವರು ಚೆಂಡಾಡುತ್ತಿದ್ದರು. ಜನ ಬಿಲ್ಲುವಿದ್ಯೆಯನ್ನು ಬಿಟ್ಟು ಇದರ ಹಿಂದೆ ಬಿದ್ದರೆಂದು 1457ರಲ್ಲಿ ಅಲ್ಲಿನ ಪಾರ್ಲಿಮೆಂಟು ಗಾಲ್ಫನ್ನು ನಿಷೇಧಿಸಿತ್ತು. ಸೇಂಟ್ ಆಂಡ್ರೂಸ್ ಎಂಬ ಊರಿನ ಮೈದಾನದಲ್ಲಿ 22 ಗುಳಿಗಳಿದ್ದ ಸುತ್ತನ್ನು 1764ರಲ್ಲಿ 18ಕ್ಕೆ ಇಳಿಸಿದ್ದೇ ಮುಂದೆ ಲೋಕಕ್ಕೆಲ್ಲ ಮಾದರಿಯಾಯಿತು. ಅಲ್ಲಿಂದ ಹಡಗು ಹತ್ತಿದ ಆಟ 1829ರಲ್ಲಿ ಕಲ್ಕತ್ತೆಯಲ್ಲಿ, 1876ರಲ್ಲಿ ಬೆಂಗಳೂರಿನಲ್ಲಿ ಕ್ಲಬ್ಬಾಗಿ ನೆಲೆಗೊಂಡು, ಬೇಲಿಯೊಳಗೆ ಸೇರಿ, ಸಾಹುಕಾರರ ಆಟವೆನಿಸಿತು. ಮೂಲದಲ್ಲಿ ಅದು ಬೇಲಿಯಿಲ್ಲದ ಮರಳಿನ ಆಟ.

ಇದಾವುದೂ ಗೊತ್ತಿಲ್ಲದೆ ನಾವು ಹಗರಿಯ ದಡದಲ್ಲಿ ಒಂಬತ್ತು ಗುಳಿಗಳ ಮೈದಾನ ಕಟ್ಟಿದೆವು. ನಿಯಮದಂತೆ ಗುಳಿಯ ಅಗಲ ನಾಲ್ಕೂಕಾಲು ಅಂಗುಲವಿರಬೇಕು. ನಮ್ಮ ಗುಳಿ ಡಾಲ್ಡಾ ಡಬ್ಬಿಯಷ್ಟು. ಮನೆಮನೆಯಿಂದ ಖಾಲಿ ಡಬ್ಬಿ ಬೇಡಿ ತಂದು ಮರಳಿನಲ್ಲಿ ಹೂತೆವು. ಹಳೆಯ ಸೀರೆಯ ಚೂರುಗಳು ಬಾವುಟಗಳಾದವು. ಬೇರಿನ ಕಡೆ ಬಾಗಿದ ಜಾಲಿಯ ಕೊಂಬೆಗಳನ್ನು ಆರಿಸಿ ಕೋಲು ಮಾಡಿದೆವು. ಊರ ಕಮ್ಮಾರರು ಹಳೆಯ ಕುಂಟೆಯ ತುಂಡನ್ನು ಕಾಯಿಸಿ ಬಾಗಿಸಿ ಒಂದು ಕಬ್ಬಿಣದ ಕೋಲನ್ನೂ ಮಾಡಿಕೊಟ್ಟರು. ನಿಜವಾದ ಚೆಂಡು ಒಂದೇ, ಉಳಿದವು ರಬ್ಬರಿನವು. ರಾತ್ರಿಯ ಗಾಳಿಗೆ ಡಬ್ಬಿಗಳೆಲ್ಲ ಮರಳು ತುಂಬಿಕೊಳ್ಳುತ್ತಿದ್ದವು. ಬೆಳಿಗ್ಗೆ ಮೊದಲು ಬಂದವನು ಒಂಬತ್ತನ್ನೂ ಖಾಲಿ ಮಾಡಬೇಕು. ಅದು ನಾವೇ ಮಾಡಿಕೊಂಡ ಮೊದಲ ನಿಯಮ. ನಮ್ಮ ತಾಯಿ, “ದನ ಕಾಯೋದು ಬಿಟ್ಟು ಡಬ್ಬಿ ಕಾಯ್ತೀಯಲ್ಲೋ, ನಿನ್ನ ಗಣಿಗೆ ಕಳಿಸಿದ್ದೇ ತಪ್ಪಾತು” ಎಂದು ಗೊಣಗುತ್ತಿದ್ದರು. ಗೊಣಗುತ್ತಲೇ ಇನ್ನೊಂದು ಡಬ್ಬಿ ಕೊಡುತ್ತಿದ್ದರು.

ಕುರಿ ಕಾಯುವವರು, ಕಾಲುವೆ ಕೆಲಸದವರ ಮಕ್ಕಳು, ಕನ್ನಡ ಮನೆಯವರು, ತೆಲುಗು ಮನೆಯವರು, ದರ್ಗಾದ ಕಡೆಯ ಹುಡುಗರು, ಎಲ್ಲರೂ ಬಂದರು. 1953ರ ಅಕ್ಟೋಬರ್ 1ರಂದು ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ಮೇಲೆ ನಮ್ಮ ಸೀಮೆಯ ಬಾಯಿಗೆ ಎರಡು ಎಣಿಕೆಗಳು. ಒಬ್ಬ ‘ಒಂದು, ಎರಡು, ಮೂರು’ ಎಂದು ಹೊಡೆತ ಎಣಿಸಿದರೆ ಇನ್ನೊಬ್ಬ ‘ಒಕಟಿ, ರೆಂಡು, ಮೂಡು’ ಎನ್ನುತ್ತಿದ್ದ. ಕಳ್ಳಾಟದವನು ಕನ್ನಡದಲ್ಲಿ ಆರಂಭಿಸಿ, ನಡುವೆ ತೆಲುಗಿಗೆ ಹಾರಿ, ಆ ಹಾರುವಿಕೆಯಲ್ಲಿ ಒಂದು ಹೊಡೆತವನ್ನು ನುಂಗಿಬಿಡುತ್ತಿದ್ದ! ಕೊನೆಗೆ ಎರಡನೆಯ ನಿಯಮ ಮಾಡಿದೆವು: ಯಾವ ಭಾಷೆಯಲ್ಲಿ ಆರಂಭಿಸಿದೆಯೋ ಅದರಲ್ಲೇ ಮುಗಿಸು. ಗುಳಿಯ ಹತ್ತಿರದ ಸೂಕ್ಷ್ಮ ಹೊಡೆತದಲ್ಲಿ ಮಾತ್ರ ನಮ್ಮೆಲ್ಲರನ್ನೂ ಮೀರಿಸಿದವಳು ನಮ್ಮ ತಂಗಿ. ಗೋಲಿಯಾಟದಲ್ಲಿ ಪಳಗಿದ ಅವಳ ಕಣ್ಣಿಗೆ ಇಳಿಜಾರಿನ ಅಳತೆ ಹೇಳಿಕೊಡಬೇಕಾಗಿರಲಿಲ್ಲ.

ತಾತ ಕೊಟ್ಟ ಚೆಂಡು ಎರಡನೆಯ ವರ್ಷದ ಆಷಾಢದಲ್ಲಿ ಕಳೆದುಹೋಯಿತು. ಗಾಳಿಗೆ ಎದುರಾಗಿ ಹೊಡೆದ ಚೆಂಡು ದಿಬ್ಬದಾಚೆ ಬಿದ್ದದ್ದನ್ನು ಎಲ್ಲರೂ ಕಂಡೆವು. ಓಡಿ ಹೋಗುವಷ್ಟರಲ್ಲಿ ಮರಳು ಅದರ ಗುರುತನ್ನೂ ಉಳಿಸಿರಲಿಲ್ಲ. ಮೂರು ದಿನ ಹುಡುಕಿದೆವು. ಅದು ಇಂದಿಗೂ ಆ ಮರಳಿನ ಹೊಟ್ಟೆಯಲ್ಲೇ ಇರಬೇಕು. ಅದರೊಂದಿಗೆ ನಮ್ಮ ಆಟವೂ ನಿಧಾನವಾಗಿ ನಿಂತಿತು.

ನಿಂತ ಆಟ ಮತ್ತೆ ನೆನಪಾದದ್ದು ಶಿಕ್ಷಕ ತರಬೇತಿಯಲ್ಲಿ. ಆಟದ ಮೂಲಕ ಗಣಿತ ಕಲಿಸುವ ಪಾಠಯೋಜನೆ ಬರೆಯಬೇಕಾಗಿತ್ತು. ಮಕ್ಕಳಿಗೆ ಋಣಸಂಖ್ಯೆಯೆಂದರೆ ತಲೆನೋವು. ಇಲ್ಲದ ವಸ್ತುವಿಗಿಂತಲೂ ಕಡಿಮೆಯಾದದ್ದು ಏನಿರಲು ಸಾಧ್ಯ ಎಂದು ಕೇಳುತ್ತಾರೆ. ಗಾಲ್ಫಿನಲ್ಲಿ ಪ್ರತಿ ಗುಳಿಗೂ ‘ಪಾರ್’ ಎಂದು ಇಷ್ಟು ಹೊಡೆತಗಳೆಂಬ ಗೊತ್ತಿರುತ್ತದೆ. ಪಾರ್ 4 ಇರುವಲ್ಲಿ 3ರಲ್ಲಿ ಮುಗಿಸಿದರೆ ಋಣ ಒಂದು, 6 ಹೊಡೆದರೆ ಧನ ಎರಡು, 4ಕ್ಕೇ ಮುಗಿದರೆ ಸೊನ್ನೆ. ನಾವು ಇದನ್ನೇ ಪಾಠವಾಗಿ ಬರೆದೆವು. ನಮ್ಮ ಗುರುಗಳು ಓದಿ, “ಇದು ಎಲ್ಲಿಂದ ತಂದಿರಿ?” ಎಂದರು. “ಹಗರಿ ಹೊಳೆಯಿಂದ” ಎಂದೆವು. ಅಂದಿನಿಂದ ಇಂದಿನವರೆಗೆ ನಮ್ಮ ಕೈಕೆಳಗೆ ಕಲಿತ ಮಕ್ಕಳೆಲ್ಲ ಋಣಸಂಖ್ಯೆಯನ್ನು ಡಬ್ಬಿ ಚೆಂಡಿನಲ್ಲೇ ಕಲಿತಿದ್ದಾರೆ.

ಈ ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ಸುಖಾಂತವಾಗುತ್ತಿತ್ತು. ಆದರೆ ಲೆಕ್ಕದಲ್ಲಿ ಇನ್ನೊಂದು ಹೊಡೆತ ಉಳಿದಿದೆ, ಅದನ್ನು ನುಂಗಲಾಗದು.

ಕೆಲವು ವರ್ಷಗಳ ಹಿಂದೆ ಮಳೆ ಕೈಕೊಟ್ಟಾಗ ನಮ್ಮ ಶಾಲೆಯ ಐದು ಮಕ್ಕಳು ತಂದೆತಾಯಿಯರೊಡನೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಟುಹೋದರು. ಗಡಿಯ ಕನ್ನಡ ಶಾಲೆಯಲ್ಲಿ ಐದು ಹೆಸರೆಂದರೆ ಸಣ್ಣ ಸಂಖ್ಯೆಯಲ್ಲ. ಮಕ್ಕಳ ಎಣಿಕೆ ಕುಗ್ಗಿದರೆ ಶಿಕ್ಷಕರ ಹುದ್ದೆ ಬೇರೆಡೆಗೆ ಹೋಗುತ್ತದೆ. ಹುದ್ದೆ ಹೋದರೆ ಪಾಠ ಕುಂಟುತ್ತದೆ. ಪಾಠ ಕುಂಟಿದರೆ ಇನ್ನಷ್ಟು ಮಕ್ಕಳು ಬೇರೆ ಮಾಧ್ಯಮಕ್ಕೆ ಹೋಗುತ್ತಾರೆ. ಊರಿನ ಹಿತೈಷಿಯೊಬ್ಬರು ಬಂದು, “ಹೆಸರು ಇದ್ರೆ ಯಾರಿಗೇನು ನಷ್ಟ ಸಾರ್? ಶಾಲೆ ಉಳೀತದೆ, ಕನ್ನಡ ಉಳೀತದೆ” ಎಂದರು. ಅವರ ಮಾತಿನಲ್ಲಿ ಸ್ವಾರ್ಥವಿರಲಿಲ್ಲ. ನಾವು ಹನ್ನೊಂದು ದಿನ ಆ ಐದು ಮಕ್ಕಳಿಗೆ ಹಾಜರಿ ಹಾಕಿದೆವು. ಹಾಜರಿ ಹಾಕಿದ ಮೇಲೆ ಮಧ್ಯಾಹ್ನದ ಊಟದ ಲೆಕ್ಕದಲ್ಲಿಯೂ ಐದು ತಟ್ಟೆ ಏರಿಸಬೇಕಾಗುತ್ತದೆ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಜೊತೆ ಕೇಳುತ್ತದೆ.

ಹನ್ನೆರಡನೆಯ ದಿನ ಪಾರ್‌ನ ಪಾಠ ಮಾಡುತ್ತಿದ್ದೆವು. ಒಬ್ಬ ಹುಡುಗ ತನ್ನ ಹೊಡೆತಗಳನ್ನು ಒಂದು ಕಡಿಮೆ ಹೇಳಿದ. “ಸರಿಯಾಗಿ ಎಣಿಸಪ್ಪಾ, ಯಾರೂ ನೋಡದಿದ್ದರೂ ನಿನಗೆ ಗೊತ್ತಿದೆಯಲ್ಲ” ಎಂದೆವು. ಹೇಳಿದ ಬಾಯಿ ಒಣಗಿತು. ಕಾಲ ಹೆಬ್ಬೆರಳಿನ ತುದಿಯಲ್ಲಿ ಆ ಚೆಂಡು ಮತ್ತೆ ತಗುಲಿದಂತಾಯಿತು. ಸಂಜೆ ಕುಳಿತು ಹನ್ನೊಂದು ದಿನಗಳ ಹಾಜರಿಯನ್ನೂ ಊಟದ ಲೆಕ್ಕವನ್ನೂ ತಿದ್ದಿ, ತಿದ್ದಿದ್ದೇಕೆಂದು ನಮ್ಮ ಹೆಸರಿನಲ್ಲೇ ಬರೆದು ಮೇಲಿನವರಿಗೆ ಕಳುಹಿಸಿದೆವು.

ಆ ವರ್ಷದ ಹೊಂದಾಣಿಕೆಯಲ್ಲಿ ನಮ್ಮ ಶಾಲೆಯ ಒಂದು ಹುದ್ದೆ ಹೋಯಿತು. ಹೋದವರು ನಾವಲ್ಲ, ಕಿರಿಯ ಸಹೋದ್ಯೋಗಿ. ಊರಿನಲ್ಲೇ ಮನೆ ಮಾಡಿಕೊಂಡು, ಹಸುಗೂಸನ್ನು ಅತ್ತೆಯ ಬಳಿ ಬಿಟ್ಟು ಪಾಠಕ್ಕೆ ಬರುತ್ತಿದ್ದ ಹೆಣ್ಣುಮಗಳು. ಹೊರಡುವ ದಿನ ಆಕೆ ನಮಗೆ ನಮಸ್ಕರಿಸಿ, “ನಿಮ್ಮ ಲೆಕ್ಕ ಸರಿಯಾಗಿದೆ ಸಾರ್. ಆದರೆ ಹೊಡೆತ ಬಿದ್ದದ್ದು ನನಗೆ” ಎಂದರು. ಆ ಮಾತಿಗೆ ಅಂದು ನಮ್ಮಲ್ಲಿ ಉತ್ತರವಿರಲಿಲ್ಲ, ಇಂದೂ ಇಲ್ಲ. ಕ್ಯಾಡಿಯ ತಪ್ಪು ಆಡುವವರ ಲೆಕ್ಕಕ್ಕೆ ಎಂದು ತಾತ ಹೇಳಿದ್ದರು. ಕೆಲವು ವೇಳೆ ಸರಿಯಾದ ಲೆಕ್ಕದ ದಂಡವೂ ಇನ್ನೊಬ್ಬರ ಮೇಲೆ ಬೀಳುತ್ತದೆಂದು ಅವರು ಹೇಳಿರಲಿಲ್ಲ.

ಸುಳ್ಳು ಹೆಸರಿನಿಂದ ಶಾಲೆ ಉಳಿಯುತ್ತಿತ್ತೇ ಎಂದು ಹಲವು ರಾತ್ರಿ ಯೋಚಿಸಿದ್ದೇವೆ. ಬಹುಶಃ ಒಂದೆರಡು ವರ್ಷ ಉಳಿಯುತ್ತಿತ್ತು, ಪುಸ್ತಕದಲ್ಲಿ. ಮುಂದಿನ ಬೇಸಿಗೆಯಲ್ಲಿ ನಾವು ಮನೆಮನೆಗೆ ಹೋಗಿ ಕೈಮುಗಿದು, ಮಕ್ಕಳನ್ನು ಕರೆದುಕೊಂಡು ಹೋಗಬೇಡಿ, ಅಜ್ಜಿಯರ ಬಳಿ ಬಿಟ್ಟು ಹೋಗಿ, ಸಂಜೆಯವರೆಗೂ ನೋಡಿಕೊಳ್ಳುತ್ತೇವೆ ಎಂದು ಬೇಡಿದೆವು. ಎರಡು ಮನೆಯವರು ಒಪ್ಪಿದರು. ಹೋದ ಹುದ್ದೆ ಮರಳಿ ಬರಲಿಲ್ಲ. ಆದರೆ ಇಂದು ನಮ್ಮ ಪುಸ್ತಕದಲ್ಲಿರುವ ಪ್ರತಿಯೊಂದು ಹೆಸರಿಗೂ ಬೆಂಚಿನ ಮೇಲೆ ಒಂದು ಮಗುವಿದೆ. ಇಷ್ಟು ಮಾತ್ರ ಹೇಳಬಲ್ಲೆವು.

ಕೋಲಾರದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಮಾವ ಅದಕ್ಕೂ ಮೊದಲೇ ಕೆಲಸ ಬಿಟ್ಟು ಊರಿಗೆ ಬಂದಿದ್ದರು. ತಾತ ಕಾಲವಾದ ಸುದ್ದಿಯನ್ನು ತಂದವರು ಅವರೇ.

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ನಮ್ಮಂಥವರು ಆಡುತ್ತಾರೆಯೇ? ದೆಹಲಿಯಲ್ಲಿ ಕ್ಯಾಡಿಯಾಗಿದ್ದ ಅಲಿ ಶೇರ್ 1991ರಲ್ಲಿ ಇಂಡಿಯನ್ ಓಪನ್ ಪಂದ್ಯವನ್ನೇ ಗೆದ್ದರು. ಬೆಂಗಳೂರಿನಲ್ಲಿ ಚೀಲ ಹೊತ್ತು ಬೆಳೆದ ಸಿ. ಮುನಿಯಪ್ಪ 2009ರಲ್ಲಿ ಅದೇ ಪಂದ್ಯ ಗೆದ್ದರು. ನಮ್ಮ ಅನಂತಪುರದಲ್ಲಿಯೇ 2010ರಲ್ಲಿ ಸ್ಪೇನಿನ ರಾಫೆಲ್ ನಡಾಲ್ ಬಂದು, ಬಡ ಮಕ್ಕಳಿಗಾಗಿ ಟೆನಿಸ್ ಶಾಲೆಯೊಂದನ್ನು ಆರಂಭಿಸಿದರು. ಆದ್ದರಿಂದ ಬೇಲಿಗಳು ಎಂದೆಂದಿಗೂ ತೆರೆಯುವುದಿಲ್ಲವೆಂದು ಹೇಳಲಾಗದು. ಆದರೂ ಗಾಲ್ಫ್ ಕೋಲುಗಳ ಬೆಲೆ ಕೂಲಿಯವರ ಕೈಗೆ ನಿಲುಕದು ಎಂಬುದನ್ನು ಮುಚ್ಚಿಟ್ಟು ಮಕ್ಕಳಿಗೆ ಆಸೆ ತೋರಿಸುವುದು ಇನ್ನೊಂದು ಬಗೆಯ ಸುಳ್ಳು ಲೆಕ್ಕ. ಚಾಂಪಿಯನ್ ಆಗುವುದು ಕೆಲವರ ಪಾಲಿನದು. ತನ್ನ ಹೊಡೆತವನ್ನು ತಾನೇ ಎಣಿಸುವುದು ಎಲ್ಲರ ಪಾಲಿನದು. ಅದಕ್ಕೆ ಡಬ್ಬಿ ಸಾಕು.

ಆ ಪಾಠದ ಮರುದಿನ ಶಾಲೆಯ ಹಿಂದೆ ಮೂರು ಡಬ್ಬಿ ಹೂತೆವು. ಪೊರಕೆ ಕಡ್ಡಿಗೆ ಬಣ್ಣದ ಕಾಗದ ಕಟ್ಟಿ ಬಾವುಟ ಮಾಡಿದ್ದು ಮಕ್ಕಳೇ. ಪ್ರಶ್ನೆ ಕೇಳಿದ್ದ ಹುಡುಗಿಯ ಚೆಂಡು ಬೇವಿನ ಮರದ ಹಿಂದಕ್ಕೆ ಹೋಯಿತು. ಅಲ್ಲೇನು ನಡೆಯಿತೋ ನಮಗೆ ಕಾಣಲಿಲ್ಲ. ಮರದಾಚೆಯಿಂದ ಚೆಂಡು ಬಂದಿತು, ಡಬ್ಬಿಗೆ ಬಿದ್ದಿತು. ನಾವು ನಮ್ಮ ಕಣ್ಣಿಗೆ ಕಂಡಂತೆ ‘5’ ಎಂದು ಬರೆದೆವು. ಹುಡುಗಿ ಸೀಮೆಸುಣ್ಣ ಹಿಡಿದಿದ್ದ ನಮ್ಮ ಕೈಯನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತಳು.

“ಐದಲ್ಲ ಸಾರ್, ಆರು. ಒಂದು ಸಲ ಬೀಸಿದ್ದು ತಾಗಲೇ ಇಲ್ಲ” ಎಂದಳು.

ಬೀಸಿದರೆ ಸಾಕು, ತಾಗದಿದ್ದರೂ ಅದು ಒಂದು ಹೊಡೆತವೇ. ಅಳಿಸಿ ‘6’ ಎಂದು ಬರೆದೆವು.